ಒಂಬತ್ತನೇ ಪಕ್ಕೆಯ ಗಂಟು

ಹಳೇ ಮೋಟಾರು ಶೆಡ್ಡಿನ ಮುಂದೆ ಈಗ ಒಂದು ಬೋರ್ಡು ನಿಲ್ಲಿಸಿದ್ದಾರೆ. ಇಲ್ಲಿ ಮೊದಲು ಕುದುರೆಗಾಡಿ ಮಾಡುತ್ತಿದ್ದರು, ಆಮೇಲೆ ಮೋಟಾರು ಕಾರುಗಳಿಗೆ ಮೈ ಕಟ್ಟುತ್ತಿದ್ದರು, ಕೊನೆಗೆ ವಿಮಾನಗಳಿಗೆ ರೆಕ್ಕೆ ಕಟ್ಟಿದರು ಎಂದು ಅದರಲ್ಲಿ ಬರೆದಿದೆ. ಮಾಲೀಕರ ಹೆಸರು ಎರಡು ಸಲ ಬಂದಿದೆ, ಅವರ ನಾಯಿಯ ಫೋಟೋ ಕೂಡ ಇದೆ. ರೆಕ್ಕೆಗಳಿಗೆ ಬಟ್ಟೆ ಹೊಲಿದ ಹನ್ನೊಂದು ಹೆಂಗಸರ ಸುದ್ದಿ ಮಾತ್ರ ಒಂದು ಸಾಲೂ ಇಲ್ಲ. ನಾನು ಹೋಗಿ ಕೇಳಿದೆ. ಬೋರ್ಡಿನಲ್ಲಿ ಜಾಗ ಸಾಲಲಿಲ್ಲ ಎಂದರು. ನಾಯಿಗೆ ಜಾಗ ಸಾಕಾಗಿತ್ತು.

ಆ ಹನ್ನೊಂದು ಜನರಲ್ಲಿ ಒಬ್ಬಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಮೇಣದಕ್ಕ ಎನ್ನುತ್ತಿದ್ದರು. ದಾರಕ್ಕೆ ತಿಕ್ಕುವ ಜೇನುಮೇಣದ ಉಂಡೆ ಯಾವಾಗಲೂ ಅವಳ ಜೇಬಿನಲ್ಲಿ ಇರುತ್ತಿತ್ತು. ಹದಿನೇಳನೇ ವಯಸ್ಸಿಗೆ ಗಾಡಿಯ ಸೀಟು ಹೊಲಿಯಲು ಸೇರಿದವಳು, ಕುದುರೆ ಹೋಗಿ ಎಂಜಿನ್ ಬಂದಾಗ ಕಾರಿನ ಮಡಚುವ ಟಾಪು ಹೊಲಿದಳು, ಕಾರು ಬಿಟ್ಟು ಮಾಲೀಕರಿಗೆ ಆಕಾಶದ ಹುಚ್ಚು ಹಿಡಿದಾಗ ರೆಕ್ಕೆ ಹೊಲಿದಳು. ಸವಾರಿ ಬದಲಾಯಿತು, ಸೂಜಿ ಅದೇ.

ಅತ್ತೆಯಷ್ಟು ಹೆದರುಪುಕ್ಕಲಿಯನ್ನು ನಾನು ನೋಡಿಲ್ಲ. ಮನೆಗೆ ಬೀಗ ಹಾಕಿ ಎಳೆದು ನೋಡುತ್ತಿದ್ದಳು. ಬೀದಿಯ ತಿರುವಿನವರೆಗೆ ಹೋಗಿ, ವಾಪಸ್ಸು ಬಂದು ಮತ್ತೆ ಎಳೆಯುತ್ತಿದ್ದಳು. ಕೆಲವು ದಿನ ಮೂರು ಸಲ. ಟೈರು ಅಂಗಡಿಯವನು ಅವಳು ಎಷ್ಟನೇ ಸಲ ತಿರುಗಿದಳು ಎಂದು ನೋಡಿ ಹೊತ್ತು ಹೇಳುತ್ತಿದ್ದನಂತೆ. ನಗುವವರಿಗೆ ಕಾರಣ ಗೊತ್ತಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಅವಳು ಒಲೆ ಆರಿಸಿದ್ದೇನೆ ಎಂದುಕೊಂಡು ನೀರಿಗೆ ಹೋಗಿದ್ದಳು. ಬರುವಷ್ಟರಲ್ಲಿ ಒಲೆಯ ಪಕ್ಕ ಒಣಹಾಕಿದ್ದ ಬಟ್ಟೆಗೆ ಕಿಡಿ ಹಾರಿ, ಬೆಂಕಿ ತೊಟ್ಟಿಲಿಗೆ ತಗುಲಿತ್ತು. ತೊಟ್ಟಿಲಲ್ಲಿದ್ದ ತಮ್ಮನ ಎಡಗಿವಿ ಸುಟ್ಟು ಮುದುರಿಹೋಯಿತು. ಆ ತಮ್ಮನೇ ನಮ್ಮಪ್ಪ. ಮುಂದೆ ಎರಡೇ ವರ್ಷದಲ್ಲಿ ತಂದೆತಾಯಿ ಹೋದರು, ಸಾಕಿದ್ದೆಲ್ಲ ಅವಳೇ. ದಿನಾ ಬೆಳಗ್ಗೆ ಆ ಕಿವಿಯನ್ನು ನೋಡಿಕೊಂಡು ಬೆಳೆಸಿದವಳು ಬೀಗ ಎಳೆಯದೆ ಇನ್ನೇನು ಮಾಡುತ್ತಾಳೆ?

ಅಪ್ಪ ಅದೇ ಶೆಡ್ಡಿನಲ್ಲಿ ಫಿಟ್ಟರ್ ಆದ. ಮದುವೆಯಾದ ಮೇಲೆ ಅಮ್ಮನೂ ಹೊಲಿಗೆ ವಿಭಾಗಕ್ಕೆ ಸೇರಿದಳು. ಮೇಸ್ತ್ರಿಗೆ ಅದೇನು ಬುದ್ಧಿಯೋ, ಒಂದೇ ಮನೆಯವರು ಹೊಂದಿಕೊಂಡು ಹೋಗುತ್ತಾರೆ ಎಂದು ಅತ್ತೆಯನ್ನೂ ಅಮ್ಮನನ್ನೂ ಒಂದೇ ರೆಕ್ಕೆಗೆ ಹಾಕಿದ. ಎಣ್ಣೆಗೂ ಸೀಗೇಕಾಯಿಗೂ ಜೋಡಿ ಮಾಡಿದ.

ಆ ಕೆಲಸ ಹೇಗಿತ್ತೆಂದರೆ, ರೆಕ್ಕೆಯನ್ನು ಬಾಗಿಲಿನ ಹಾಗೆ ನೆಟ್ಟಗೆ ನಿಲ್ಲಿಸುತ್ತಿದ್ದರು. ಒಳಗೆ ಮರದ ಪಕ್ಕೆಲುಬುಗಳು, ಎರಡೂ ಕಡೆ ಬಿಗಿದ ಬಟ್ಟೆ. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ಗೇಣುದ್ದದ ಸೂಜಿಯನ್ನು ಇವಳು ಚುಚ್ಚಿ ದಾಟಿಸಿದರೆ ಅವಳು ಎಳೆದುಕೊಂಡು ವಾಪಸ್ಸು ಚುಚ್ಚಬೇಕು, ಹೀಗೆ ಬಟ್ಟೆಯನ್ನು ಪ್ರತಿ ಪಕ್ಕೆಗೂ ಕಟ್ಟುತ್ತಾ ಹೋಗಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಒಂದು ಪಕ್ಕೆ ಮುಗಿದಾಗ ಸೂಜಿ ಯಾರ ಕಡೆ ಇದೆಯೋ ಅವಳು ಹಾಕಬೇಕಾದ್ದು ಕೊನೆಯ ಗಂಟು. ಅದು ಬಿಗಿಯಾಗಿದ್ದರೆ ಸಾಲೆಲ್ಲ ಬಿಗಿ, ಅದು ಇಲ್ಲದಿದ್ದರೆ ಗಾಳಿಯ ಹೊಡೆತಕ್ಕೆ ದಾರ ಒಂದೊಂದೇ ಹೊಲಿಗೆ ಸಡಿಲವಾಗಿ, ಬಟ್ಟೆ ಪಕ್ಕೆ ಬಿಟ್ಟು ಉಬ್ಬಿ, ರೆಕ್ಕೆ ಇದ್ದೂ ಇಲ್ಲದ ಹಾಗೆ. ಅದಕ್ಕೇ ಶೆಡ್ಡಿನಲ್ಲಿ ಒಂದು ಪದ್ಧತಿ: ಪಕ್ಕೆ ಮುಗಿದಾಗ ಒಬ್ಬಳು "ಗಂಟು?" ಎಂದು ಕೂಗಬೇಕು, ಇನ್ನೊಬ್ಬಳು "ಆಯ್ತು" ಎನ್ನಬೇಕು. ಆಮೇಲೆ ಅದರ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ, ವಾರ್ನಿಷ್ ಬಳಿದುಬಿಡುತ್ತಿದ್ದರು. ಒಳಗೇನಿದೆ ಎಂದು ಮುಂದೆ ಯಾರೂ ನೋಡುವಂತಿಲ್ಲ.

ನಮ್ಮ ಮನೆಯ ಹೆಂಗಸರು ಅದನ್ನು ಕೂಗುವುದನ್ನು ನಿಲ್ಲಿಸಿದ್ದರು. ನಾಲ್ಕು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಊಟದ ಹೊತ್ತಿನಲ್ಲಿ ಅಮ್ಮ ಎಲ್ಲರೆದುರು ತಮಾಷೆಗೆ, "ನಮ್ಮ ಅತ್ತಿಗೆ ಸತ್ತ ಮೇಲೂ ಎದ್ದು ಬಂದು ಬೀಗ ಎಳೆದು ನೋಡ್ತಾರೆ" ಎಂದಿದ್ದಳು. ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು. ಅತ್ತೆ ತಟ್ಟೆ ಕೆಳಗಿಟ್ಟು, "ಕದಿಯೋಕೆ ಏನೂ ಇಲ್ಲದ ತವರಿಂದ ಬಂದವಳಿಗೆ ಬೀಗದ ಬೆಲೆ ಏನು ಗೊತ್ತಾಗುತ್ತೆ?" ಎಂದಳು. ತವರಿನ ಮಾತು ಬಂದ ಮೇಲೆ ಮುಗಿಯಿತು. ಅಂದಿನಿಂದ ಇಬ್ಬರೂ ಮನೆಯಲ್ಲಿ ಅಪ್ಪನ ಮೂಲಕ ಮಾತಾಡುತ್ತಿದ್ದರು, ಶೆಡ್ಡಿನಲ್ಲಿ ದಾರದ ಮೂಲಕ. ಗಂಟು ಆಯ್ತು ಎಂದರೆ ದಾರವನ್ನು ಎರಡು ಸಲ ಜಗ್ಗುವುದು. ಮೇಸ್ತ್ರಿ ಒಂದೆರಡು ಸಲ ಬೈದ, ಆಮೇಲೆ ಅವನಿಗೂ ಸಾಕಾಯಿತು.

ಹೊಸ ವಿಮಾನದ ಮೊದಲ ಹಾರಾಟಕ್ಕೆ ದಿನ ಗೊತ್ತಾಯಿತು. ಬೆಳಗ್ಗೆ ಹತ್ತೂವರೆಗೆ, ಶೆಡ್ಡಿನ ಹಿಂದಿನ ಬಯಲಿನಲ್ಲಿ. ಎಂಜಿನ್ ಕೂರಿಸಿದ ಫಿಟ್ಟರು ಮೊದಲ ಸಲ ಪೈಲಟ್ಟಿನ ಜೊತೆ ಕೂರಬೇಕು ಎಂಬುದು ಮಾಲೀಕರ ಕಾನೂನು. ನೀನು ಕಟ್ಟಿದ್ದರಲ್ಲಿ ನಿನ್ನ ಜೀವವೂ ಇರಲಿ ಎಂಬ ಲೆಕ್ಕಾಚಾರ. ಈ ಸಲ ಎಂಜಿನ್ ಕೂರಿಸಿದವನು ಅಪ್ಪ. ಅವನಂತೂ ವಾರದಿಂದ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಅಂದು ಅಪ್ಪ ಅಮ್ಮ ಇಬ್ಬರೂ ಬೇಗ ಹೊರಟರು. ಅತ್ತೆ ಹಿಂದಿನಿಂದ ಬರುತ್ತೇನೆಂದು ಪಾತ್ರೆ ತೊಳೆಯುತ್ತಾ ನಿಂತಳು. ಕಿಟಕಿಯಾಚೆ ಗ್ಯಾರೇಜಿನವರ ಊಟದ ಗಂಟೆಯನ್ನು ಯಾರೋ ಸುಮ್ಮನೆ ಬಾರಿಸಿದರು. ತೊಳೆಯುತ್ತಿದ್ದ ಅತ್ತೆಯ ಕೈ ನಿಂತಿತು.

ಎಡ ರೆಕ್ಕೆ. ಒಂಬತ್ತನೇ ಪಕ್ಕೆ. ಕೊನೆಯ ಹೊಲಿಗೆಗೆ ಸೂಜಿ ಅವಳ ಕೈಗೆ ಬಂದಿತ್ತು, ಗಂಟು ಅವಳೇ ಹಾಕಬೇಕಿತ್ತು. ಅಷ್ಟರಲ್ಲಿ ಊಟದ ಗಂಟೆ ಹೊಡೆದಿತ್ತು. ಅವಳು ಸೂಜಿಯನ್ನು ಆ ಕಡೆಗೆ ದಾಟಿಸಿ ಕೈ ತೊಳೆಯಲು ಹೋಗಿದ್ದಳು. ದಾಟಿಸುವ ಮುಂಚೆ ಗಂಟು ಹಾಕಿದ್ದಳೆ? ಕಣ್ಣು ಮುಚ್ಚಿ ನೋಡಿದಳು. ಎಂಟನೇ ಪಕ್ಕೆಯ ಗಂಟು ಬೆರಳಿಗೆ ನೆನಪಿತ್ತು, ಹತ್ತನೆಯದೂ ನೆನಪಿತ್ತು. ಒಂಬತ್ತನೆಯದು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಸೂಜಿ ತನ್ನ ಕಡೆ ಬಂದಿದ್ದು ನೋಡಿ ತಮ್ಮನ ಹೆಂಡತಿ, ಅತ್ತಿಗೆ ಗಂಟು ಹಾಕಿಯೇ ಕಳಿಸಿದ್ದಾರೆ ಎಂದುಕೊಂಡು ದಾರ ಕತ್ತರಿಸಿರಬಹುದು, ಇಲ್ಲವೇ ತಾನೇ ಒಂದು ಹಾಕಿರಬಹುದು. ಜಗ್ಗುವ ಸನ್ನೆ ಆವತ್ತು ಬಂದಿತ್ತೆ? ಕೈ ತೊಳೆಯಲು ಹೋದವಳಿಗೆ ಜಗ್ಗಿದರೂ ಗೊತ್ತಾಗುವುದು ಹೇಗೆ?

ಇದು ಬೀಗದ ಹಾಗೆಯೇ, ನನ್ನ ಹಾಳು ಮನಸ್ಸಿನ ಚಾಳಿ, ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಪಾತ್ರೆ ತೊಳೆದಳು. ಎರಡನೆಯದು ಕೈಯಿಂದ ಜಾರಿತು. ಹೇಳಿದರೆ ಹನ್ನೊಂದು ಜನರ ಕೆಲಸಕ್ಕೆ ಕುತ್ತು, ನೋಡಲು ಬರುವ ನಾನೂರು ಜನರೆದುರು ಮಾಲೀಕರ ಮರ್ಯಾದೆಗೆ ಕುತ್ತು. ಹೇಳದಿದ್ದರೆ? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಅಡುಗೆಮನೆಯಲ್ಲೇ ಸುತ್ತಿದಳು. ಗಡಿಯಾರ ನೋಡಿದರೆ ಹತ್ತಕ್ಕೆ ಐದು ನಿಮಿಷ. ಒಂದು ಗಂಟೆ ಹೊತ್ತು ಹಾಗೇ ಹೋಗಿತ್ತು.

ಆಮೇಲೆ ಓಡಿದಳು. ಟೈರು ಅಂಗಡಿ, ಚಕ್ರಕ್ಕೆ ಬಣ್ಣ ಬಳಿಯುವವನ ಕಟ್ಟೆ, ಕೈಯಿಂದ ಒತ್ತುವ ಪೆಟ್ರೋಲ್ ಪಂಪು, ಎಲ್ಲ ದಾಟಿ ಓಡಿದಳು. ಬೀದಿಯ ತಿರುವಿನಲ್ಲಿ ಅವಳು ಹಿಂದಿರುಗಿ ನೋಡದೇ ಹೋಗಿದ್ದನ್ನು ಕಂಡು ಟೈರು ಅಂಗಡಿಯವನು ಗಾಬರಿಯಾಗಿ ಎದ್ದು ನಿಂತನಂತೆ. ಹೋಗಿ ನೋಡಿದರೆ ಮನೆಯ ಬಾಗಿಲು ಹಾರುಹೊಡೆದಿತ್ತು.

ಬಯಲಿನಲ್ಲಿ ಹಗ್ಗ ಕಟ್ಟಿ ಜನರನ್ನು ಆಚೆ ನಿಲ್ಲಿಸಿದ್ದರು. ಮುಂದೆ ಕುರ್ಚಿಗಳಲ್ಲಿ ದೊಡ್ಡವರು. ವಿಮಾನದ ಎಂಜಿನ್ ಆಗಲೇ ಶುರುವಾಗಿತ್ತು. ಮುಂದಿನ ಸೀಟಿನಲ್ಲಿ ಅಪ್ಪ, ತೊಗಲಿನ ಟೋಪಿಯಲ್ಲಿ ಕಿವಿ ಮುಚ್ಚಿತ್ತು, ಗುರುತೇ ಸಿಗದ ಹಾಗೆ ಯಾರೋ ದೊಡ್ಡ ಮನುಷ್ಯನಂತೆ ಕೂತಿದ್ದ. ಅತ್ತೆ ಹೊಲಿಗೆಯವರ ಗುಂಪಿನಲ್ಲಿ ಅಮ್ಮನನ್ನು ಹುಡುಕಿ ತೋಳು ಹಿಡಿದಳು. ನಾಲ್ಕು ತಿಂಗಳ ಮೇಲೆ ಮೊದಲ ಮಾತು.

"ಎಡ ರೆಕ್ಕೆ, ಒಂಬತ್ತನೇ ಪಕ್ಕೆ. ಗಂಟು ಹಾಕಿದ್ಯಾ?"

"ಹಾಕಿದೀನಿ."

"ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಊಟಕ್ಕೆ ಎದ್ವಲ್ಲ, ಆವಾಗ."

"ಹಾಕಿದೀನಿ ಅಂದ್ನಲ್ಲ ಅತ್ತಿಗೆ. ನನ್ನ ಗಂಡ ಕೂತಿರೋದು ಅದರಲ್ಲಿ."

"ನನ್ನ ತಮ್ಮ ಕೂತಿರೋದು!"

ಅಮ್ಮ ಮುಖ ಆಚೆ ತಿರುಗಿಸಿದಳು. ನಾಲ್ಕು ತಿಂಗಳಿಂದ ಅತ್ತೆಯನ್ನು ಕಂಡಾಗಲೆಲ್ಲ ಹಾಗೇ ತಿರುಗಿಸುತ್ತಿದ್ದಳು, ಅದು ಅಭ್ಯಾಸ. ಆದರೆ ಹೆದರಿದವರ ಕಣ್ಣಿಗೆ ಹಗ್ಗವೂ ಹಾವೇ. ಸುಳ್ಳು ಹೇಳುವವರು ಹೀಗೇ ಮುಖ ತಿರುಗಿಸುತ್ತಾರೆ ಎಂದು ಅತ್ತೆಗೆ ಅನ್ನಿಸಿತು. ಇವಳು ಹಟಕ್ಕೆ ಹೇಳುತ್ತಿದ್ದಾಳೆ, ನನ್ನೆದುರು ಸೋಲಬಾರದೆಂದು ಹೇಳುತ್ತಿದ್ದಾಳೆ.

ಮೇಸ್ತ್ರಿಯ ಹತ್ತಿರ ಹೋಗಿ ರೆಕ್ಕೆಯ ಪಟ್ಟಿ ಬಿಚ್ಚಿ ನೋಡಿ ಎಂದಳು. ಮೇಸ್ತ್ರಿ ಕುರ್ಚಿಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, ನಗುತ್ತಾ, "ಮೇಣದಕ್ಕ, ಮನೆಗೆ ಬೀಗ ಹಾಕಿದೀಯಾ ನೋಡ್ಕೊಂಡು ಬಾ ಹೋಗು" ಎಂದ. ಸುತ್ತಲಿನವರೂ ನಕ್ಕರು. ಎಂಜಿನ್ ಸದ್ದು ಜೋರಾಯಿತು. ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಮರದ ತುಂಡನ್ನು ತೆಗೆಯಲು ಇಬ್ಬರು ಬಗ್ಗಿದರು.

ಅತ್ತೆ ಹಗ್ಗದ ಕೆಳಗೆ ನುಸುಳಿದಳು. ಮುಂದೆ ಪಂಖ ತಿರುಗುತ್ತಿತ್ತು, ಅಷ್ಟು ಬುದ್ಧಿ ಇತ್ತು, ಹಿಂದಿನಿಂದ ಹೋಗಿ ರೆಕ್ಕೆಯ ಕೆಳಗೆ ತೆವಳಿ ಎಡಗಡೆಯ ಚಕ್ರವನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಗಾಳಿಗೆ ಕೂದಲು ಬಿಚ್ಚಿಹೋಗಿ ಮುಖಕ್ಕೆ ಹೊಡೆಯುತ್ತಿತ್ತು, ಬಾಯಿಗೆ ಧೂಳು. ಏಣಿ ಹತ್ತಲೂ ಹೆದರುತ್ತಿದ್ದವಳು ಆ ಸದ್ದಿನ ಅಡಿಯಲ್ಲಿ ಹೇಗೆ ಉಳಿದಳೋ. "ಉಚ್ಚೆ ಹೋಗಿತ್ತು ಕಣೇ ನಂಗೆ" ಎಂದು ಅವಳೇ ನನಗೆ ಹೇಳಿದ್ದಾಳೆ, ಮುಚ್ಚುಮರೆ ಇಲ್ಲದೆ.

ಪೈಲಟ್ಟು ಎಂಜಿನ್ ನಿಲ್ಲಿಸಿದ. ಇಬ್ಬರು ಗಂಡಸರು ಬಂದು ಅವಳ ತೋಳು ಹಿಡಿದು ಎಳೆದರು. ಅವಳು ಚಕ್ರದ ಕಡ್ಡಿ ಬಿಡಲಿಲ್ಲ. ಉಗುರು ಕಿತ್ತು ರಕ್ತ ಬಂತು, ಆದರೂ ಬಿಡಲಿಲ್ಲ. ಅಪ್ಪ ಸೀಟಿನಿಂದ ಇಳಿದು ಬಂದು ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತ.

"ಅಕ್ಕ, ಬಿಡು. ಜನ ಎಲ್ಲ ನೋಡ್ತಿದಾರೆ."

"ಒಂಬತ್ತನೇ ಪಕ್ಕೇಲಿ ಗಂಟಿಲ್ಲ ಕಣೋ."

"ನಿಂಗೆ ಖಾತ್ರಿ ಇದೆಯಾ?"

ಹೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅವಳಿಗೆ ಸುಳ್ಳು ಬರುತ್ತಿರಲಿಲ್ಲ. "ಇಲ್ಲ" ಎಂದಳು. "ಖಾತ್ರಿ ಇಲ್ಲ. ಒಲೆ ಆರಿಸಿದ್ದೀನಿ ಅಂತ ಆವತ್ತು ಖಾತ್ರಿ ಇತ್ತು."

ಎಳೆಯುತ್ತಿದ್ದ ಗಂಡಸರಲ್ಲಿ ಒಬ್ಬ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಶುರು ಮಾಡಿದ. ಆಗ ಅಪ್ಪ ಎದ್ದು, ಜೇಬಿನಿಂದ ಚಾಕು ತೆಗೆದು, ಎಡ ರೆಕ್ಕೆಯ ಒಂಬತ್ತನೇ ಪಕ್ಕೆಯ ಉದ್ದಕ್ಕೂ ಬಟ್ಟೆಯನ್ನು ಒಂದೇ ಎಳೆತಕ್ಕೆ ಸೀಳಿದ. ಬಿಗಿದ ಬಟ್ಟೆ ಪಟಾರೆಂದು ಬಾಯಿಬಿಟ್ಟಿತು. "ಈಗ ಯಾರೂ ಹಾರಲ್ಲ. ಏಳು" ಎಂದ.

ಕುರ್ಚಿಗಳಲ್ಲಿದ್ದವರೆಲ್ಲ ಎದ್ದು ನಿಂತರು. ಮಾಲೀಕರ ಮುಖ ಸುಣ್ಣದ ಹಾಗಾಯಿತು. ಮೇಸ್ತ್ರಿ ಓಡಿ ಬಂದು, "ಪೊಲೀಸ್ ಕರೀರಿ, ಅವನ ಕೈಯಿಂದ ಚಾಕು ಕಿತ್ಕೊಳ್ಳಿ, ಒಂದು ವರ್ಷದ ಕೆಲಸ ಹಾಳು ಮಾಡಿದ" ಎಂದು ಕಿರುಚಿದ. ಅಪ್ಪನ ಕೈಯನ್ನು ಹಿಂದಕ್ಕೆ ತಿರುಚಿ ಹಿಡಿದರು. ಅತ್ತೆ ಚಕ್ರದ ಬುಡದಲ್ಲಿ ನೆಲದ ಮೇಲೆ ಕೂತಿದ್ದಳು. ತಮ್ಮನನ್ನು ಆಕಾಶದಿಂದ ಉಳಿಸಲು ಹೋಗಿ ಜೈಲಿಗೆ ಕಳಿಸಿದೆನಲ್ಲ ಎಂದು ಅವಳಿಗೆ ಆಗ ಹೊಳೆದಿರಬೇಕು.

ಆ ಗದ್ದಲದ ನಡುವೆ ಅಮ್ಮ ರೆಕ್ಕೆಯ ಹತ್ತಿರ ಬಂದಳು. ಸೀಳಿದ ಜಾಗದಲ್ಲಿ ಪಟ್ಟಿಯನ್ನು ಕಿತ್ತು, ದಾರದ ತುದಿಯನ್ನು ಹುಡುಕಿ, ಬಗ್ಗಿ ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ಹೊಲಿಯುವವರಿಗೆ ಕತ್ತರಿಗಿಂತ ಮೊದಲು ಹಲ್ಲು ಒದಗುತ್ತದೆ, ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಉಳಿದ ಬೋಳು ದಾರವನ್ನು ಎತ್ತಿ ಮೇಸ್ತ್ರಿಗೆ ತೋರಿಸಿದಳು.

"ಗಂಟಿಲ್ಲ. ನಾನು ಹಾಕಿರಲಿಲ್ಲ. ಅತ್ತಿಗೆ ಕೇಳಿದಾಗ ಸುಳ್ಳು ಹೇಳಿದೆ."

ಮೇಸ್ತ್ರಿ ದಾರ ನೋಡಿದ, ಮಾಲೀಕರು ದಾರ ನೋಡಿದರು. ಹರಿದ ರೆಕ್ಕೆಗೆ ಒಂದು ಕಾರಣ ಬೇಕಾಗಿತ್ತು, ಸಿಕ್ಕಿತು. ಎರಡೇ ನಿಮಿಷದಲ್ಲಿ ಮಾಲೀಕರು ಕುರ್ಚಿಯವರ ಕಡೆ ತಿರುಗಿ, ನಮ್ಮ ಕೆಲಸಗಾರರ ಎಚ್ಚರಿಕೆ ಎಂಥದ್ದು ನೋಡಿ, ಪ್ರಾಣಕ್ಕಿಂತ ಪ್ರದರ್ಶನ ದೊಡ್ಡದಲ್ಲ ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಅಪ್ಪನ ಕೈ ಬಿಟ್ಟರು. ಅಮ್ಮನಿಗೆ ಮಾತ್ರ ನಾಳೆಯಿಂದ ಬರಬೇಡ ಎಂದರು. ಒಂಬತ್ತು ದಿನದಲ್ಲಿ ಬಟ್ಟೆ ಹೊಸದಾಗಿ ಹೊಲಿದು ಮತ್ತೆ ಹಾರಿಸಿದರು. ಅಪ್ಪ ಹೋಗಿ, ಸುತ್ತಿ, ಇಳಿದು ಬಂದ.

ಶೆಡ್ಡಿನಲ್ಲಿ ಹೊಸ ಕೆಲಸವೊಂದು ಹುಟ್ಟಿತು. ಪಟ್ಟಿ ಅಂಟಿಸುವ ಮೊದಲು ಪ್ರತಿ ಗಂಟನ್ನೂ ಬೆರಳಿನಿಂದ ಮುಟ್ಟಿ ನೋಡುವವರು ಬೇಕು. ಅದನ್ನು ಅತ್ತೆಗೆ ಕೊಟ್ಟರು. ಊರೆಲ್ಲ ನಗುತ್ತಿದ್ದ ಚಾಳಿಯೇ ಅವಳ ಉದ್ಯೋಗವಾಯಿತು. ಶೆಡ್ಡು ಮುಚ್ಚುವವರೆಗೆ ಹತ್ತೊಂಬತ್ತು ವರ್ಷ ಮುಟ್ಟಿದಳು. ಅವಳು ಮುಟ್ಟಿದ ರೆಕ್ಕೆ ಗಾಳಿಯಲ್ಲಿ ಬಿಚ್ಚಿದ್ದಿಲ್ಲ. ಬೀಗ ಎಳೆಯುವುದು ಮೂರರಿಂದ ಒಂದಕ್ಕೆ ಇಳಿಯಿತು. ತಲೆ ಎತ್ತಿ ನಡೆಯಲು ಕಲಿತಳು. ನಮ್ಮನ್ನೆಲ್ಲ ತೊಡೆಯ ಮೇಲೆ ಕೂರಿಸಿಕೊಂಡು ಆ ದಿನದ ಕತೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಕೊನೆಗೆ ಅಡುಗೆಮನೆಯ ಕಡೆ ತಿರುಗಿ ದನಿ ಏರಿಸುತ್ತಿದ್ದಳು: "ಗಂಟು ಹಾಕದೆ ಹಾಕಿದೀನಿ ಅಂದವರು ಈ ಮನೇಲೇ ಇದಾರೆ. ನಾನು ಓಡದೇ ಇದ್ದಿದ್ರೆ ನಿಮ್ಮಪ್ಪ ಇರ್ತಿರಲಿಲ್ಲ." ಒಳಗಿನಿಂದ ಪಾತ್ರೆಯ ಸದ್ದು ಬಿಟ್ಟರೆ ಉತ್ತರ ಬರುತ್ತಿರಲಿಲ್ಲ. ಬೇರೆ ಯಾವ ಮಾತಿಗೂ ಒಂದಕ್ಕೆ ನಾಲ್ಕು ಸೇರಿಸುತ್ತಿದ್ದ ಅಮ್ಮ ಇದೊಂದಕ್ಕೆ ತುಟಿ ಬಿಚ್ಚುತ್ತಿರಲಿಲ್ಲ. ತಪ್ಪಿತಸ್ಥೆ, ಏನು ಹೇಳುತ್ತಾಳೆ ಎಂದು ನಾನೂ ಅಂದುಕೊಂಡೇ ಬೆಳೆದೆ. ಒಮ್ಮೊಮ್ಮೆ ಅಮ್ಮನ ಮೇಲೆ ಕೋಪವೂ ಬರುತ್ತಿತ್ತು.

ಅಪ್ಪ ಹೋದ. ಕೆಲವು ವರ್ಷದ ಮೇಲೆ ಅತ್ತೆಯೂ ಹೋದಳು, ಮಧ್ಯಾಹ್ನದ ಹೊತ್ತು, ಅಮ್ಮ ಕಾಲು ಒತ್ತುತ್ತಾ ಕೂತಿದ್ದಾಗಲೇ. ಎಲ್ಲ ಮುಗಿದು ಬಂದವರೆಲ್ಲ ಹೊರಟ ಮೇಲೆ ನಾನು ಅಮ್ಮನ ಪಕ್ಕ ಕೂತೆ. ಸುಮ್ಮನಿರಲಾರದೆ ಕೇಳಿದೆ.

"ಆವತ್ತು ಗಂಟು ಯಾಕಮ್ಮ ಹಾಕಲಿಲ್ಲ?"

ಅಮ್ಮ ಅತ್ತೆಯ ಖಾಲಿ ಮಂಚದ ಕಡೆ ತಿರುಗಿದಳು.

"ಹಾಕಿದ್ದೆ" ಎಂದಳು. "ಅತ್ತಿಗೆ ಕೇಳಿದಾಗ ಹೇಳಿದ್ದು ನಿಜಾನೇ. ಅವರ ಮೇಲೆ ಸಿಟ್ಟು ಬಂದಿತ್ತು ನಂಗೆ, ನಂಬಲ್ವಲ್ಲ ಅಂತ. ಆಮೇಲೆ ನಿಮ್ಮಪ್ಪ ರೆಕ್ಕೆ ಸೀಳಿದ್ರು. ಗಂಟು ಇದೆ ಅಂತ ಆದ್ರೆ ಅವರನ್ನ ಬಿಡ್ತಿದ್ರಾ? ಅದಕ್ಕೇ ಕಚ್ಚಿ ಕಿತ್ತೆ. ನುಂಗಿದೆ."

ನಾನು ಅವಳ ಬಾಯಿಯನ್ನೇ ನೋಡಿದೆ.

"ಎರಡು ಗಂಟಿತ್ತು" ಎಂದಳು ಅಮ್ಮ. "ಒಂದು ನಂದು. ಅದೇ ದಾರದಲ್ಲಿ, ಅದರ ಹಿಂದೇನೇ ಇನ್ನೊಂದು. ಅತ್ತಿಗೆದು. ಅವರ ಕೈಗಂಟು ನಂಗೆ ಕತ್ತಲಲ್ಲೂ ಗೊತ್ತಾಗುತ್ತೆ. ಅವರು ಹಾಕಿಯೇ ಊಟಕ್ಕೆ ಹೋಗಿದ್ರು."

"ಅತ್ತೆಗೆ ಹೇಳಬಾರದಿತ್ತಾ? ಅಷ್ಟು ವರ್ಷ ಬೈಸ್ಕೊಂಡೆಯಲ್ಲ."

"ಏನಂತ ಹೇಳಲಿ? ತಮ್ಮನ ಜೀವ ಉಳಿಸಿದೆ ಅನ್ನೋದೊಂದೇ ಇಟ್ಕೊಂಡು ಬದುಕ್ತಿದ್ರು." ಅಮ್ಮ ಮೊಣಕಾಲಿನ ಮೇಲೆ ಕೈ ಉಜ್ಜಿಕೊಂಡಳು. "ಬೈದಾಗೆಲ್ಲ ನಂಗೇನೂ ಅನ್ನಿಸ್ತಿರಲಿಲ್ಲ ಕಣೇ. ಬೈಯೋದು ನಿಲ್ಲಿಸಿ ಸುಮ್ನೆ ಕೂತು ಬೆರಳು ನೋಡ್ಕೊಳ್ತಿದ್ರಲ್ಲ, ಆವಾಗ ಜೀವ ಬಾಯಿಗೆ ಬರ್ತಿತ್ತು. ಹಾಕಿದ್ದ ಗಂಟು ಇವತ್ತು ನೆನಪಾಗಿಬಿಡುತ್ತೇನೋ ಅಂತ."